ಗೆಳೆಯನಿಗೊಂದು ಪತ್ರ: ಮುಳುಗಿ ಸತ್ತವರ ದಂಡು ಕಟ್ಟುವ ಮುನ್ನ

ಪ್ರೀತಿಯ ಗೆಳೆಯಾ,

ಪತ್ರ ಓದಿದೆ. ಮೇಜಿನ ಮೇಲೆ ಆಡುವ ಯುದ್ಧದಾಟಕ್ಕೆ ಪುಟ್ಟ ಬೊಂಬೆಗಳಲ್ಲಿ ನೀನು ಕಟ್ಟಹೊರಟಿರುವುದು ಕಡಲಲ್ಲಿ ಮುಳುಗಿ ಸತ್ತು, ವರ್ಷಗಳ ಮೇಲೆ ದಡಕ್ಕೆ ನಡೆದು ಬಂದ ಸೈನಿಕರ ದಂಡು! ಈ ಕಲ್ಪನೆ ನನಗೆ ತುಂಬಾ ಹಿಡಿಸಿತು. ಮನುಷ್ಯ ಸೈನಿಕರ ಪ್ಲಾಸ್ಟಿಕ್ ಕಿಟ್ಟನ್ನೂ ಅಸ್ಥಿಪಂಜರಗಳ ಕಿಟ್ಟನ್ನೂ ಬೆರೆಸಿ ತಲಾ 20 ಜನರ ಎರಡು ಪಡೆ ಎಬ್ಬಿಸುವ ಲೆಕ್ಕವೂ ಸರಿಯಿದೆ. ಆದರೆ ‘ಮೊದಲು ನಲವತ್ತನ್ನೂ ಅಂಟಿಸಿಬಿಡ್ತೀನಿ, ಬಣ್ಣದ ಮಾತು ಆಮೇಲೆ’ ಅಂತ ಬರೆದಿದ್ದೀಯಲ್ಲ, ಅದೊಂದನ್ನು ಮಾತ್ರ ಮಾಡಬೇಡ. ಒಂದು ಬೊಂಬೆ ತೆಗೆದುಕೊ. ಸ್ಪ್ರೂನಿಂದ (ಬಿಡಿ ತುಂಡುಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಕತ್ತರಿಸುವುದರಿಂದ ಹಿಡಿದು ಬೇಸು (ಬೊಂಬೆ ನಿಲ್ಲುವ ಅಡಿಹಲಗೆ), ವಾರ್ನಿಷಿನವರೆಗೆ ಅದನ್ನು ಪೂರ್ತಿ ಮುಗಿಸು. ಅಲ್ಲಿಯವರೆಗೆ ಉಳಿದ 39ಕ್ಕೆ ಕೈ ಹಚ್ಚಬೇಡ. ಮೈಮೇಲೆ ಅಂಟಿಸುವ ಪಾಚಿ ಎಲ್ಲಿ ಬ್ರಶ್ಶಿಗೆ ಅಡ್ಡ ಬರುತ್ತದೆ, ಗುರಾಣಿಯನ್ನು ಬಿಡಿಯಾಗಿ ಬಳಿಯಬೇಕೇ, ಯಾವ ಬಣ್ಣ ಎರಡು ಪದರಕ್ಕೂ ಮುಚ್ಚುವುದಿಲ್ಲ, ಇವೆಲ್ಲ ಆ ಒಂದರಲ್ಲೇ ಗೊತ್ತಾಗುತ್ತವೆ. ಬೊಂಬೆಗೆ ಹತ್ತು ನಿಮಿಷದ ಅನಗತ್ಯ ಕೆಲಸ ಸೇರಿಕೊಂಡರೆ ಇಡೀ ದಂಡಿಗೆ ಅದು 6 ಗಂಟೆ 40 ನಿಮಿಷ.

ಕತ್ತರಿ ಹಿಡಿಯುವ ಮೊದಲು ಬೇಸಿನ ಅಳತೆ ತೀರ್ಮಾನವಾಗಲಿ. 1983ರಲ್ಲಿ ಶುರುವಾದ ವಾರ್‌ಹ್ಯಾಮರ್ ಫ್ಯಾಂಟಸಿ ಎಂಬ ಯುದ್ಧದಾಟದಲ್ಲಿ ಪಡೆಗಳು ಚೌಕ ಬೇಸಿನ ಮೇಲೆ ಸಾಲಾಗಿ ನಿಲ್ಲುತ್ತಿದ್ದವು. ಅದರ ಜಾಗಕ್ಕೆ 2015ರಲ್ಲಿ ಬಂದ ಏಜ್ ಆಫ್ ಸಿಗ್ಮಾರ್ ದುಂಡು ಬೇಸಿಗೆ ಹೋಯಿತು. 2024ರ ದಿ ಓಲ್ಡ್ ವರ್ಲ್ಡ್ ಚೌಕವನ್ನು ಮರಳಿ ತಂದಿತು, ಆದರೆ ಮನುಷ್ಯ ಗಾತ್ರದ ಕಾಲಾಳಿಗೆ ಹಳೆಯ 20 ಮಿ.ಮೀ. ಬದಲು 25 ಮಿ.ಮೀ. ಕಿಂಗ್ಸ್ ಆಫ್ ವಾರ್‌ ಎಂಬ ಬೇರೊಂದು ಆಟದಲ್ಲಿ ಇಂಥ ಕಾಲಾಳಿನ ಅಳತೆ 20 ಮಿ.ಮೀ.; ಅಲ್ಲಿ ಪಡೆಯೇ ಒಂದು ಘಟಕ, ಸತ್ತವರನ್ನು ಒಬ್ಬೊಬ್ಬರಾಗಿ ಎತ್ತುವುದಿಲ್ಲ, ಹಾಗಾಗಿ ಇಡೀ ಪಡೆಯನ್ನು ಒಂದೇ ಹಲಗೆಯ ಮೇಲೆ ದೃಶ್ಯದಂತೆ ಕಟ್ಟಬಹುದು. ನೀನು ಚೌಕ 25 ಅಂದಿದ್ದೀಯ. ಅಂದರೆ ಐದು ಅಗಲ, ನಾಲ್ಕು ಆಳ, ಒಟ್ಟು 125 × 100 ಮಿ.ಮೀ. ಪಡೆಯನ್ನು ಒಟ್ಟಿಗೆ ಸರಿಸುವ ಟ್ರೇ ಮಾಡುವಾಗ ಎರಡೂ ಕಡೆಗೆ ಒಂದೊಂದು ಮಿ.ಮೀ. ಹೆಚ್ಚು ಬಿಡು. ಬೇಸಿನ ಅಂಚಿಗೆ ಬಣ್ಣ ಕೂತ ಮೇಲೆ ಐದು ಬೇಸು ಸೇರಿ 125ರಲ್ಲಿ ಹಿಡಿಸುವುದಿಲ್ಲ.

ಸ್ಪ್ರೂನಿಂದ ಕತ್ತರಿಸುವಾಗ ಕ್ಲಿಪ್ಪರಿನ ಚಪ್ಪಟೆ ಬದಿ ಬೊಂಬೆಯ ಕಡೆಗಿರಲಿ. ಹಾಗಿದ್ದರೂ ಒಂದು ಮಿ.ಮೀ.ನಷ್ಟು ಗಂಟು ಉಳಿಸಿಯೇ ಕತ್ತರಿಸಿ, ಆಮೇಲೆ ಚಾಕುವಿನಿಂದ ಸವರು. ಒಂದೇ ಏಟಿಗೆ ಬುಡಕ್ಕೆ ಕತ್ತರಿಸಿದರೆ ಪ್ಲಾಸ್ಟಿಕ್ ಒತ್ತಿಕೊಂಡು ಗುಳಿ ಬೀಳುತ್ತದೆ. ಅಚ್ಚಿನ ಎರಡು ಭಾಗ ಸೇರಿದಲ್ಲಿ ಉಳಿಯುವ ಗೆರೆಯನ್ನು ಚಾಕುವಿನ ಬೆನ್ನಿನಿಂದ, ಬ್ಲೇಡನ್ನು ನೆಟ್ಟಗೆ ಹಿಡಿದು ಕೆರೆದು ತೆಗೆ. ಬರಿಗಣ್ಣಿಗೆ ಅದು ಕಾಣದಿರಬಹುದು. ವಾಷ್ (ಸಂದಿಗಳಿಗೆ ಇಳಿಯುವ ತೆಳು ನೆರಳುಬಣ್ಣ) ಹಾಕಿದ ಕೂಡಲೇ ಹೆಲ್ಮೆಟ್ಟಿನ ನಡುವೆ ಗಾಯದ ಹಾಗೆ ಎದ್ದು ಕಾಣುತ್ತದೆ. ತಲೆ, ಭುಜ, ಗುರಾಣಿಯ ಅಂಚು, ಈಟಿಯ ಕೋಲು, ಇಲ್ಲಿ ಮಾತ್ರ ರಾಜಿ ಬೇಡ. ಹಿಂದಿನ ಸಾಲಿನವನ ತೊಡೆಯ ಒಳಬದಿಯಲ್ಲಿ ಉಳಿದರೆ ಉಳಿಯಲಿ.

ಅಂಟಿನ ವಿಚಾರದಲ್ಲಿ ಒಂದು ಮಾತು. ಪ್ಲಾಸ್ಟಿಕ್ ಸಿಮೆಂಟ್ ನಿಜಕ್ಕೂ ಅಂಟಲ್ಲ, ಪಾಲಿಸ್ಟೈರೀನನ್ನು ಕರಗಿಸಿ ಎರಡು ತುಂಡನ್ನು ಒಂದು ಮಾಡುವ ದ್ರವ. ಆದ್ದರಿಂದ ರೆಸಿನ್, ಲೋಹ, ಬಣ್ಣ ಬಳಿದ ಮೇಲ್ಮೈ ಯಾವುದರ ಮೇಲೂ ಅದು ಹಿಡಿಯದು. ಅಲ್ಲಿ ಸೂಪರ್ ಗ್ಲೂ ಬೇಕು. ಸೂಪರ್ ಗ್ಲೂ ಗಡುಸು, ಪೆಟ್ಟು ಬಿದ್ದರೆ ಪಟ್ಟನೆ ಬಿಡುತ್ತದೆ. ಹಾಗಾಗಿ ರೆಸಿನ್ನಿನ ನಾಯಕ ಬೊಂಬೆಯ ಕೈಗೂ ಭುಜಕ್ಕೂ ನಡುವೆ ಪಿನ್ ವೈಸ್ ಎಂಬ ಪುಟ್ಟ ಕೈಬೈರಿಗೆಯಿಂದ 1 ಮಿ.ಮೀ. ತೂತು ಕೊರೆದು ಹಿತ್ತಾಳೆ ತಂತಿ ಸೇರಿಸು. ರೆಸಿನ್ ತುಂಡುಗಳನ್ನು ಮೊದಲು ಉಗುರುಬೆಚ್ಚನೆಯ ಸೋಪು ನೀರಲ್ಲಿ ಉಜ್ಜಿ ತೊಳೆ, ಇಲ್ಲದಿದ್ದರೆ ಅಚ್ಚಿನ ಜಿಡ್ಡಿನ ಮೇಲೆ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ಲೇಪ) ನಿಲ್ಲದು. ಉಜ್ಜುಕಾಗದ ಹಿಡಿಯುವಾಗ ನೀರು ಹಚ್ಚಿಯೇ ಉಜ್ಜು, ಮಾಸ್ಕ್ ಹಾಕಿಕೊ. ಆ ಪುಡಿ ಶ್ವಾಸಕೋಶಕ್ಕೆ ಹೋಗಬಾರದು.

ಕತ್ತರಿಸಿ ಉಳಿದ ಸ್ಪ್ರೂ ಚೂರುಗಳನ್ನು ಎಸೆಯಬೇಡ. ಅರ್ಧ ಖಾಲಿಯಾದ ಸಿಮೆಂಟ್ ಬಾಟಲಿಗೆ ಸಣ್ಣಗೆ ಹೆಚ್ಚಿ ಹಾಕಿ ಒಂದು ರಾತ್ರಿ ಬಿಟ್ಟರೆ ಗಟ್ಟಿ ಗೋಂದಿನ ಹಾಗಾಗುತ್ತದೆ. ಸಂದು ತುಂಬುವುದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ, ಏಕೆಂದರೆ ಒಣಗಿದ ಮೇಲೆ ಅದೂ ಅದೇ ಪ್ಲಾಸ್ಟಿಕ್.

ಈಗ ಬೆರಕೆಯ ಕೆಲಸಕ್ಕೆ ಬರೋಣ. ಸತ್ತವನು ಅನ್ನಿಸಬೇಕಾದರೆ ನೋಡುವವರ ಕಣ್ಣು ಮೊದಲು ಹೋಗುವುದು ತಲೆಗೆ, ಆಮೇಲೆ ಕೈಗೆ. ಮನುಷ್ಯನ ಮೈ ಮೇಲೆ ಬುರುಡೆ ಕೂರಿಸುವಾಗ ಆಗುವ ಸಾಮಾನ್ಯ ತಪ್ಪು ಎಂದರೆ ಕುತ್ತಿಗೆ ಉದ್ದವಾಗುವುದು. ಹಿರೋಯಿಕ್ 28 ಮಿ.ಮೀ. ಎಂಬ ಅಳತೆಯ ಬೊಂಬೆಗಳಲ್ಲಿ ತಲೆ ಮತ್ತು ಕೈ ನಿಜಕ್ಕಿಂತ ದಪ್ಪಗಿರುತ್ತವೆ, ಬುರುಡೆ ತೆಳು. ಕೊರಳಪಟ್ಟಿಯ ಒಳಗೆ ಗುಳಿ ಕೊರೆದು ಬುರುಡೆಯನ್ನು ಇಳಿಸಿ ಕೂರಿಸದಿದ್ದರೆ ಕೋಲಿನ ಮೇಲೆ ಸಿಕ್ಕಿಸಿದಂತೆ ಕಾಣುತ್ತದೆ. ಮುಖ ಸ್ವಲ್ಪ ಕೆಳಗೆ, ಸ್ವಲ್ಪ ಪಕ್ಕಕ್ಕೆ ವಾಲಲಿ. ಆಯುಧ ಬದಲಿಸಬೇಕಿದ್ದರೆ ಬೆರಳುಗಳ ನಡುವೆ ಕೊಯ್ಯಬೇಡ. ಆಯುಧ ಹಿಡಿದ ಮುಷ್ಟಿಯನ್ನು ಹಾಗೇ ಇಟ್ಟುಕೊಂಡು ಮಣಿಕಟ್ಟಿನಲ್ಲಿ, ತೋಳಿನ ಬಟ್ಟೆ ಮುಗಿಯುವ ಕಡೆ ಕೊಯ್ದು ಜೋಡಿಸು. ಆ ಕೂಡು ಬಟ್ಟೆಯ ಅಂಚಿನಲ್ಲಿ ಮುಚ್ಚಿಹೋಗುತ್ತದೆ. ಎಲ್ಲ ಇಪ್ಪತ್ತಕ್ಕೂ ಇಷ್ಟು ದುಡಿಯಬೇಡ. ಮುಂದಿನ ಸಾಲಿನ ಐದು ಮತ್ತು ಎರಡೂ ಬದಿಯ ಬೊಂಬೆಗಳು ಸಾಕು. 5 × 4ರ ಪಡೆಯಲ್ಲಿ ಸುತ್ತಲೂ ಮುಚ್ಚಿಹೋಗುವವರು ಆರು ಜನ, ಅವರಿಗೆ ಬರೀ ತಲೆ ಬದಲಿಸಿದರೆ ಆಯಿತು.

ಪಾಚಿ ಮತ್ತು ಚಿಪ್ಪುಗಳೇ ನಿನ್ನ ದಂಡಿನ ಜೀವ, ಅದಕ್ಕೆ ಗ್ರೀನ್ ಸ್ಟಫ್ ಬೇಕು, ಅಂದರೆ ಹಳದಿ ನೀಲಿ ಎರಡು ಭಾಗಗಳನ್ನು ನಾದಿ ಬೆರೆಸುವ ಎಪಾಕ್ಸಿ ಹಿಟ್ಟು. ಪಟ್ಟಿಯಾಗಿ ಬಂದಿದ್ದರೆ ಹಳದಿ ನೀಲಿ ತಾಗುವ ಗಡಿಯಲ್ಲಿ ಎರಡು ಮಿ.ಮೀ. ಕೊಯ್ದು ಎಸೆ. ಅಲ್ಲಿ ಅದು ಆಗಲೇ ಗಟ್ಟಿಯಾಗಿರುತ್ತದೆ, ನಾದಿದಾಗ ಮರಳಿನ ಕಾಳಿನಂತೆ ಉಳಿದು ನುಣುಪು ಕೆಡಿಸುತ್ತದೆ. ಸಮ ಪ್ರಮಾಣದಲ್ಲಿ ತೆಗೆದು, ಗೆರೆ ಒಂದೂ ಕಾಣದ ಹಾಗೆ ಹಸಿರಾಗುವ ತನಕ ನಾದು. ಹಳದಿ ಹೆಚ್ಚಿದರೆ ಮೆತ್ತಗೆ, ಅಂಟಂಟು, ಒಣಗಿದ ಮೇಲೂ ಬಾಗುತ್ತದೆ. ನೀಲಿ ಹೆಚ್ಚಿದರೆ ಬೇಗ ಬಿಗಿದು ಗಡುಸಾಗುತ್ತದೆ. ಪಾಚಿಗೆ ಹಳದಿ ತುಸು ಮುಂದೆ, ಚಿಪ್ಪಿಗೆ ಸಮ. ಕೈಯಲ್ಲಿ ಸುಮಾರು ಒಂದು ಗಂಟೆ ಹದ ಇರುತ್ತದೆ, ಪೂರ್ತಿ ಗಟ್ಟಿಯಾಗಲು ಒಂದು ದಿನ ಕೊಡು. ಹಸಿ ಎಪಾಕ್ಸಿ ಚರ್ಮಕ್ಕೆ ಒಗ್ಗದೆ ಹೋಗಬಹುದು, ಕೆಲಸ ಮುಗಿದ ಕೂಡಲೇ ಕೈ ತೊಳೆ.

ಪಾಚಿಯ ಎಳೆಗಳನ್ನು ನೇರ ಬೊಂಬೆಯ ಮೇಲೆ ತಿದ್ದಲು ಹೋಗಬೇಡ. ವ್ಯಾಸಲಿನ್ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಉಂಡೆಯನ್ನು ಅರ್ಧ ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಮುಕ್ಕಾಲು ಗಂಟೆ ಬಿಡು. ಆಗ ಅದು ಚರ್ಮದ ಹದಕ್ಕೆ ಬಂದಿರುತ್ತದೆ: ಬ್ಲೇಡಿನಿಂದ ಕೊಯ್ದರೆ ಅಂಚು ನಿಲ್ಲುತ್ತದೆ, ಎತ್ತಿದರೆ ಹರಿಯುವುದಿಲ್ಲ. ಒಂದು ಮಿ.ಮೀ. ಅಗಲದ, ತುದಿ ಚೂಪಾದ ಪಟ್ಟಿಗಳಾಗಿ ಕೊಯ್ದು, ಚೂರು ಸೂಪರ್ ಗ್ಲೂ ಇಟ್ಟು ಭುಜದಿಂದ, ಗುರಾಣಿಯಿಂದ ಕೆಳಗೆ ಇಳಿಬಿಡು. ನೀರಿನಿಂದ ಎದ್ದು ಬಂದವನ ಮೈಮೇಲೆ ಎಲ್ಲವೂ ನೆಲದ ಕಡೆಗೆ ಜೋತಿರಬೇಕು, ಗಾಳಿಗೆ ಹಾರಿದಂತೆ ಅಲ್ಲ. ಇದೊಂದು ತಪ್ಪಿದರೆ ನೆನೆದ ಭಾವವೇ ಹೋಗಿಬಿಡುತ್ತದೆ. ಚಿಪ್ಪಿಗೆ ಸಾಸಿವೆಗಿಂತ ಚಿಕ್ಕ ಉಂಡೆಗಳನ್ನು ಮೂರು ಐದರ ಗುಂಪಾಗಿ ಅಂಟಿಸಿ, ಅರ್ಧ ಗಂಟೆಯ ನಂತರ ಸೂಜಿಯಿಂದ ನಡುವೆ ಚುಚ್ಚಿ ಬಾಯಿ ಬಿಡಿಸು. ತೀರಾ ಹಸಿಯಲ್ಲಿ ಚುಚ್ಚಿದರೆ ಉಂಡೆಯೇ ಸೂಜಿಯ ಜೊತೆ ಎದ್ದು ಬರುತ್ತದೆ. ಎಲ್ಲ ಗಟ್ಟಿಯಾದ ಮೇಲೆ ಬೊಂಬೆಯನ್ನು ಸೋಪು ನೀರಲ್ಲಿ ತೊಳೆ. ವ್ಯಾಸಲಿನ್ ಉಳಿದ ಜಾಗದಲ್ಲಿ ಪ್ರೈಮರ್ ಸಿಪ್ಪೆಯಂತೆ ಏಳುತ್ತದೆ.

ಸಾಲಿನಲ್ಲಿ ನಿಲ್ಲಿಸುವುದನ್ನು ಕೊನೆಗೆ ನೋಡೋಣ ಅಂದುಕೊಂಡರೆ ಕೆಡುತ್ತದೆ. ಈಟಿಗಳು ಮುಂದಿನವನ ಬೆನ್ನಿಗೆ, ಗುರಾಣಿಗಳು ಪಕ್ಕದವನ ಮೊಣಕೈಗೆ ತಾಗುತ್ತವೆ. ಕಾಲುಗಳನ್ನು ಬೇಸಿಗೆ ಅಂಟಿಸಿ, ಐದೂ ಬೇಸನ್ನು ಸಾಲಾಗಿಟ್ಟು, ಆಮೇಲೆ ತೋಳುಗಳಿಗೆ ಸಿಮೆಂಟ್ ಹಚ್ಚು. ಅದು ಬಿಗಿಯುವ ಮೊದಲು ಕೆಲವು ನಿಮಿಷ ಸಿಗುತ್ತದೆ, ಅಷ್ಟರಲ್ಲಿ ತೋಳನ್ನು ಮೇಲೆ ಕೆಳಗೆ ತಿರುಗಿಸಿ ದಾರಿ ಮಾಡು. ಪ್ರತಿ ಬೇಸಿನ ತಳದಲ್ಲಿ ಸಾಲು ಮತ್ತು ಸ್ಥಾನದ ಸಂಖ್ಯೆ ಬರೆ. ಪಡೆಯ ನಡುವೆ ನಾಲ್ವರ ಜಾಗದಲ್ಲಿ 50 × 50 ಮಿ.ಮೀ. ಬೇಸಿನ ಮೇಲೆ ಒಡೆದ ದೋಣಿಯ ಪಕ್ಕೆಲುಬುಗಳನ್ನೂ ಅದನ್ನು ಹತ್ತುತ್ತಿರುವ ಒಬ್ಬನನ್ನೂ ಇಡಬಹುದು. ಪಡೆಗೆ ಮೂರು ಬೊಂಬೆ ಉಳಿಯಿತು, ನೋಟವೂ ಗೆದ್ದಿತು. ಎದುರು ಆಡುವವರ ಒಪ್ಪಿಗೆ ಮಾತ್ರ ಮೊದಲೇ ಕೇಳಿಕೊ.

ಪ್ರೈಮರ್ ಕ್ಯಾನನ್ನು ಎರಡು ನಿಮಿಷ ಅಲುಗಾಡಿಸಿ, 20ರಿಂದ 30 ಸೆಂ.ಮೀ. ದೂರದಿಂದ, ಬೊಂಬೆಯ ಆಚೆಯಿಂದ ಶುರುಮಾಡಿ ಈಚೆಗೆ ದಾಟಿಸುತ್ತಾ ಚಿಕ್ಕ ಚಿಕ್ಕ ಎಳೆತದಲ್ಲಿ ಹೊಡೆ. ಹತ್ತಿರವಾದರೆ ವಿವರ ಮುಳುಗುತ್ತದೆ; ದೂರವಾದರೆ ಬಣ್ಣ ಗಾಳಿಯಲ್ಲೇ ಒಣಗಿ ಉಜ್ಜುಕಾಗದದಂತೆ ಒರಟಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದ ದಿನ ಹೊಡೆಯಲೇಬೇಡ, ಬ್ರಶ್ಶಿನಿಂದ ಹಚ್ಚುವ ಪ್ರೈಮರ್ ಬಳಸು. ಮೊದಲು ಸುತ್ತಲೂ ಕಪ್ಪು, ನಂತರ 45 ಡಿಗ್ರಿಯಿಂದ ಬೂದು, ಕೊನೆಗೆ ನೆತ್ತಿಯ ಮೇಲಿನಿಂದ ತುಸು ಬಿಳಿ. ನೆರಳು ಬೆಳಕು ಅಲ್ಲೇ ಮೂಡಿರುತ್ತದೆ, ತೆಳು ಬಣ್ಣ ಅದರ ಮೇಲೆ ಅರ್ಧ ಕೆಲಸ ತಾನೇ ಮಾಡುತ್ತದೆ.

ಬಣ್ಣದ ಆಯ್ಕೆಯಲ್ಲಿ ನಿನ್ನ ಜೊತೆ ನನ್ನ ತಕರಾರಿದೆ. ಕಡಲು ಅಂತ ಮೈ, ಬಟ್ಟೆ, ಪಾಚಿ, ಬೇಸು ಎಲ್ಲವನ್ನೂ ನೀಲಿ ಹಸಿರು ಮಾಡಹೊರಟಿದ್ದೀಯ. ಮೇಜಿನ ಮೇಲೆ ಅದು ಒಂದು ಹಸಿರು ಮುದ್ದೆಯಾಗಿ ಕಾಣುತ್ತದೆ. ಪಾಚಿ ಕಡುಹಸಿರು, ಚರ್ಮ ತಿಳಿ ಬೂದುಹಸಿರು, ಬಟ್ಟೆ ಮಾಸಿದ ಇಟ್ಟಿಗೆ ಕೆಂಪು, ಬೇಸು ತಿಳಿ ಮರಳು, ಹೀಗಿರಲಿ. ಕಡುಬಣ್ಣದ ಕಾಲುಗಳು ತಿಳಿ ನೆಲದ ಮೇಲೆ ಬಿಡಿಬಿಡಿಯಾಗಿ ಕಾಣುತ್ತವೆ. ಕಬ್ಬಿಣಕ್ಕೆ ತುಕ್ಕು, ಕಂಚಿಗೆ ಕಿಲುಬು. ಚಿನ್ನ ಕಡಲಲ್ಲೂ ಕೆಡುವುದಿಲ್ಲ, ಆದ್ದರಿಂದ ನಾಯಕನ ಕಿರೀಟ ಒಂದನ್ನೇ ಹೊಳೆಯುವ ಹಾಗೆ ಬಿಡು. ಇಡೀ ದಂಡಿನಲ್ಲಿ ಕಣ್ಣು ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಬಣ್ಣಕ್ಕೆ ಸುಮಾರು ಸಮ ನೀರು, ಆದರೆ ಅಳತೆಗಿಂತ ಹದ ನೋಡು. ಬಣ್ಣ ಬೆರೆಸುವ ಬಿಳಿ ಪ್ಯಾಲೆಟ್ಟಿನ ಮೇಲೆ ಎಳೆದ ಗೆರೆಯ ಕೆಳಗೆ ಬಿಳುಪು ಮಸುಕಾಗಿ ಕಾಣಬೇಕು, ಗೆರೆಯ ಅಂಚು ಹರಡಬಾರದು. ಎರಡು ತೆಳು ಪದರ, ನಡುವೆ ಪೂರ್ತಿ ಒಣಗಲಿ. ಹತ್ತತ್ತು ಬೊಂಬೆಯ ತಂಡ ಮಾಡಿಕೊ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ಚರ್ಮದ ಮೇಲೆ ತೆಳು ನೇರಳೆ ವಾಷನ್ನು ಕಣ್ಣುಗುಳಿ, ಕೀಲು, ಬೆರಳ ಸಂದಿಗೆ ಮಾತ್ರ ಇಡು. ವಾಷ್ ತೆಳುಮಾಡಲು ನೀರಿಗಿಂತ ಮೀಡಿಯಂ (ಬಣ್ಣದ ಪುಡಿಯಿಲ್ಲದ ಬರೀ ದ್ರವ) ಲೇಸು, ನೀರು ಹೆಚ್ಚಾದರೆ ಒಣಗಿದ ಮೇಲೆ ಅಂಚಿನಲ್ಲಿ ಕಲೆಯ ಗೆರೆ ನಿಲ್ಲುತ್ತದೆ. ಎಲ್ಲಾದರೂ ಮಡುಗಟ್ಟಿದರೆ ತಕ್ಷಣ ನೀರು ಒರೆಸಿದ ತೇವದ ಬ್ರಶ್ಶಿನಿಂದ ಹೀರಿಕೊ. ಅರೆ ಒಣಗಿದ್ದಾಗ ಮುಟ್ಟಿದರೆ ಕೆಳಗಿನದೂ ಕಿತ್ತು ಬರುತ್ತದೆ.

ತುಕ್ಕಿಗೆ ಕಡು ಕಂದು ಬಳಿದು, ಸ್ಪಂಜಿನ ಚೂರನ್ನು ಕಿತ್ತಳೆ ಬಣ್ಣದಲ್ಲಿ ಅದ್ದಿ ಕಾಗದಕ್ಕೆ ಒತ್ತಿ ಒರೆಸಿ, ಉಳಿದದ್ದನ್ನು ತಟ್ಟು. ಕೊನೆಗೆ ಕತ್ತಿಯ ಅಲಗಿನ ಅಂಚಿಗಷ್ಟೇ ಬೆಳ್ಳಿ. ಕಿಲುಬಿಗೆ ನೀಲಿ ಹಸಿರಿಗೆ ತುಸು ಬಿಳಿ ಬೆರೆಸಿ, ತುಂಬಾ ತೆಳುವಾಗಿ ಸಂದಿಗಳಿಗೆ ಹರಿಯಬಿಟ್ಟು, ಉಬ್ಬಿದ ಭಾಗವನ್ನು ಬೆರಳಿಂದ ಒರೆಸು. ಲೋಹದ ಬಣ್ಣಕ್ಕೆ ಬೇರೆ ನೀರಿನ ಲೋಟ ಇರಲಿ. ಅದರ ಹೊಳಪಿನ ಕಣಗಳು ನೀರಲ್ಲಿ ತೇಲಿ ಮುಂದಿನ ಬಣ್ಣಕ್ಕೆಲ್ಲ ಸೇರುತ್ತವೆ. ಬ್ರಶ್ ಚಿಕ್ಕದಾದಷ್ಟೂ ಒಳ್ಳೆಯದೆಂಬುದು ನಿಜವಲ್ಲ. ತುದಿ ಚೆನ್ನಾಗಿರುವ 1ನೇ ನಂಬರಿನ ಕೊಲಿನ್ಸ್ಕಿ ಕೂದಲಿನ ಬ್ರಶ್ ಕಣ್ಣುಗುಡ್ಡೆಯನ್ನೂ ಬಿಡಿಸುತ್ತದೆ. ತೀರಾ ಚಿಕ್ಕದರಲ್ಲಿ ಬಣ್ಣ ಬೊಂಬೆಗೆ ತಲುಪುವ ಮೊದಲೇ ಒಣಗುತ್ತದೆ.

ಬೇಸಿಗೆ ಪಿವಿಎ ಅಂಟು (ಮರಗೆಲಸದ ಬಿಳಿ ಅಂಟು), ಅದರ ಮೇಲೆ ಎರಡು ಗಾತ್ರದ ಮರಳು. ಒಣಗಿದ ಮೇಲೆ ನೀರು ಬೆರೆಸಿದ ಪಿವಿಎ ಇನ್ನೊಮ್ಮೆ ಹರಿಸಿದರೆ ಮರಳು ಉದುರದು. ಅಂಚಿನಿಂದ ಹೊರಚಾಚಿದ ಕಾಳುಗಳನ್ನು ಉಗುರಿನಿಂದ ತೆಗೆ, ಇಲ್ಲದಿದ್ದರೆ ಸಾಲು ಕೂಡುವುದಿಲ್ಲ. ಮ್ಯಾಟ್ ವಾರ್ನಿಷ್ ಮೊದಲು, ಹೊಳಪಿನ ವಾರ್ನಿಷ್ ಕೊನೆಗೆ, ಈ ಕ್ರಮ ಅದಲುಬದಲಾಗಬಾರದು. ಇಡೀ ಬೊಂಬೆಗೆ ಮ್ಯಾಟ್ ಒಣಗಿದ ನಂತರ ಪಾಚಿ, ಕಾಲಿನ ಸುತ್ತಲ ಮರಳು, ಬಟ್ಟೆಯ ಕೆಳಗಿನ ಅಂಚು, ಇಷ್ಟಕ್ಕೆ ಮಾತ್ರ ಬ್ರಶ್ಶಿನಿಂದ ಹೊಳಪು ಎರಡು ಸಲ ಹಚ್ಚು. ಒಣಗಿದ ಭುಜದ ಕೆಳಗೆ ಒದ್ದೆ ಬಟ್ಟೆ ಕಂಡಾಗಲೇ ಅವನು ಈಗಷ್ಟೇ ನೀರಿನಿಂದ ಬಂದವನು ಅನ್ನಿಸುವುದು.

ಮೊದಲ ಬೊಂಬೆ ಮುಗಿದ ದಿನ ಎರಡು ಫೋಟೊ ಕಳಿಸು: ಒಂದು ಹತ್ತಿರದಿಂದ, ಇನ್ನೊಂದು ಕೈ ಚಾಚಿದಷ್ಟು ದೂರದಿಂದ. ಎರಡನೆಯದನ್ನು ಕಪ್ಪುಬಿಳುಪಾಗಿಯೂ ಮಾಡಿ ನೋಡು. ಅದರಲ್ಲಿ ಚರ್ಮ, ಬಟ್ಟೆ, ನೆಲ ಮೂರೂ ಒಂದೇ ಬೂದುಬಣ್ಣಕ್ಕೆ ಬಂದಿದ್ದರೆ ಬಟ್ಟೆಯನ್ನು ಇನ್ನೊಂದು ಮೆಟ್ಟಿಲು ಕಡುಮಾಡಿ, ಆಮೇಲೆ ಉಳಿದ 39ರ ಸ್ಪ್ರೂಗೆ ಕತ್ತರಿ ಹಾಕು.

ನಿನ್ನ ಗೆಳೆಯ