‘ನಮ್ಮಲ್ಲಿ ಓಪನ್ ಆಗ್ತದಲ್ಲ ಸಾರ್!’

ಮಾನ್ಯ ಸಂಪಾದಕರೇ,

ನಾನು ಸಾಗರದಲ್ಲಿ ಫೋಟೊ ಸ್ಟುಡಿಯೋ ಇಟ್ಟುಕೊಂಡವನು. ಮದುವೆ, ಉಪನಯನ, ಗೃಹಪ್ರವೇಶ ಅಂತ ಇಪ್ಪತ್ತು ವರ್ಷದಲ್ಲಿ ಎಷ್ಟು ಸೀಡಿ, ಡೀವಿಡಿ ಬರೆದುಕೊಟ್ಟಿದ್ದೇನೋ ಲೆಕ್ಕವಿಲ್ಲ. ಈಗ ಎಲ್ಲರೂ ಪೆನ್‌ಡ್ರೈವ್ ಕೇಳುತ್ತಾರೆ. ಡಿಸ್ಕಿನ ಕಾಲ ಮುಗಿಯಿತು ಅಂದುಕೊಂಡಿದ್ದೆ. ಆದರೆ ಸ್ಕ್ಯಾನಿಂಗ್ ಸೆಂಟರ್‌ಗಳಲ್ಲಿ ಅದಿನ್ನೂ ಓಡುತ್ತಿದೆ. ಈ ಪತ್ರ ಅವರಿಗಾಗಿಯೇ.

ಕಳೆದ ತಿಂಗಳು ನಮ್ಮಣ್ಣನಿಗೆ ಬೆನ್ನುನೋವು ಜಾಸ್ತಿಯಾಗಿ ಎಂಆರ್‌ಐ ಮಾಡಿಸಿದೆವು. ‘ಫಿಲ್ಮ್ ಯಾಕೆ, ಸೀಡಿ ಸಾಕು’ ಅಂತ ಒಂದು ಕವರ್ ಕೈಗಿಟ್ಟರು. ಅದನ್ನು ಹಿಡಿದುಕೊಂಡು ಬೆಳಗಿನ ಜಾವ ನಾಲ್ಕಕ್ಕೆ ಕಾರು ಹೊರಡಿಸಿ ಮಂಗಳೂರಿಗೆ ಹೋದೆವು. ಡಾಕ್ಟರು ಡಿಸ್ಕ್ ಹಾಕಿದರು. ‘ಡ್ರೈವಿಗೆ ಡಿಸ್ಕ್ ಹಾಕಿ’ ಅಂತ ಕಂಪ್ಯೂಟರ್ ಹೇಳಿತು! ಪಕ್ಕದ ರೂಮಿನದ್ದರಲ್ಲೂ ಅದೇ ಕಥೆ. ‘ಖಾಲಿ ಸೀಡಿ ಕೊಟ್ಟಿದ್ದಾರೆ ನಿಮಗೆ’ ಅಂದರು.

ನಾನು ಡಿಸ್ಕನ್ನು ಕಿಟಕಿ ಹತ್ತಿರ ಒಯ್ದು ಓರೆ ಹಿಡಿದು ನೋಡಿದೆ. ನಡುವಿನ ತೂತಿನ ಆಚೆಯಿಂದ ಸುಮಾರು ಒಂದು ಬೆರಳಗಲ ಬಣ್ಣ ಬೇರೆ ಇತ್ತು. ಬರೆದ ಜಾಗ ಹಾಗೆಯೇ ಕಾಣುವುದು. ಅಂದರೆ ಖಾಲಿಯಲ್ಲ, ಒಳಗೆ ಅಣ್ಣನ ಬೆನ್ನು ಇದೆ. ಸೆಂಟರ್‌ಗೆ ಫೋನ್ ಮಾಡಿದರೆ ಅಲ್ಲಿನ ಹುಡುಗ, ‘ನಮ್ಮಲ್ಲಿ ಓಪನ್ ಆಗ್ತದಲ್ಲ ಸಾರ್’ ಅಂದ. ಅವನು ಹೇಳಿದ್ದು ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ.

ಡಿಸ್ಕಿಗೆ ಫೈಲ್ ಬರೆದರೆ ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಸೆಷನ್, ಅಂದರೆ ಆ ಸಲದ ಬರವಣಿಗೆಯನ್ನು, ಕ್ಲೋಸ್ ಮಾಡಬೇಕು. ಆಗ ಎಲ್ಲಿಂದ ಎಲ್ಲಿಯವರೆಗೆ ಬರೆದಿದೆ ಎನ್ನುವ ಪರಿವಿಡಿ ಶುರುವಿನಲ್ಲಿ ಅಚ್ಚಾಗುತ್ತದೆ. ಅಲ್ಲಿಯವರೆಗೆ ಬರೆಯುವ ಡ್ರೈವ್ ತನಗೆ ಬೇಕಾದ ಕಚ್ಚಾ ಲೆಕ್ಕವನ್ನು ಇನ್ನೂ ಒಳಮೂಲೆಯಲ್ಲಿ ಗೀಚಿಕೊಂಡಿರುತ್ತದೆ. ಅದನ್ನು ಓದಲು ಗೊತ್ತಿರುವುದು ರೈಟರ್ ಡ್ರೈವಿಗೆ ಮಾತ್ರ. ಬರೀ ಓದುವ ಡ್ರೈವ್ ಮೊದಲು ಪರಿವಿಡಿ ಹುಡುಕುತ್ತದೆ, ಸಿಗದಿದ್ದರೆ ಕೈಚೆಲ್ಲುತ್ತದೆ.

ಊರಿಗೆ ಬಂದವನೇ ಸ್ಟುಡಿಯೋದ ಹಳೇ ವಿಂಡೋಸ್ 7 ಕಂಪ್ಯೂಟರ್‌ನ ರೈಟರ್‌ಗೆ ಹಾಕಿದೆ. ಅಷ್ಟೂ ಫೈಲ್ ಕಂಡವು. ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಕ್ಲೋಸ್ ಸೆಷನ್’ ಒತ್ತಿದೆ. ಡಿಸ್ಕಿನಲ್ಲಿ ಇನ್ನೊಂದು 20 ಎಂಬಿ ಹೋಯಿತು, ಒಂದು ಟೀ ಕುಡಿಯುವಷ್ಟು ಹೊತ್ತು ಹಿಡಿಯಿತು. ಆಮೇಲೆ ಬರೀ ಓದುವ ಡ್ರೈವಿರುವ ಹಳೇ ಲ್ಯಾಪ್‌ಟಾಪ್‌ಗೆ ಹಾಕಿದರೆ ತಕ್ಷಣ ತೆರೆದುಕೊಂಡಿತು. ಇಷ್ಟಕ್ಕೆ ಒಂದು ದಿನ, ಪೆಟ್ರೋಲು, ಬೆನ್ನುನೋವಿನ ಮನುಷ್ಯನಿಗೆ ಘಾಟಿ ರಸ್ತೆಯ ಕುಲುಕಾಟ!

ನಾನೇನು ಸಾಚಾ ಅಲ್ಲ. ಸೀಸನ್ನಿನ ಗಡಿಬಿಡಿಯಲ್ಲಿ, ಕರೆಂಟ್ ಹೋಗುವ ಮೊದಲು ಮುಗಿಯಲಿ ಅಂತ ಅಗ್ಗದ ಸೀಡಿಗಳನ್ನು 52 ಎಕ್ಸ್ ವೇಗದಲ್ಲಿ ಬರೆದು ಕೊಟ್ಟಿದ್ದೇನೆ. ನನ್ನಲ್ಲಿ ಚೆನ್ನಾಗಿ ಓಡಿದ್ದು ಮದುಮಗಳ ಮನೆಯಲ್ಲಿ ತಡವರಿಸುತ್ತಿತ್ತು. ವೇಗ ಇಳಿಸಿ ಮತ್ತೆ ಬರೆದರೆ ಸರಿಹೋಗುತ್ತಿತ್ತು. ಬರೆಯುವ ಡೀವಿಡಿಯಲ್ಲಿ ಪ್ಲಸ್ (DVD+R), ಮೈನಸ್ (DVD-R) ಅಂತ ಎರಡು ಬಗೆ. ಪ್ಲಸ್ ಬಂದದ್ದು 2002ರಲ್ಲಿ. ಅದಕ್ಕೂ ಹಿಂದಿನ ಕೆಲವು ಪ್ಲೇಯರ್‌ಗಳು ಅದನ್ನು ಹತ್ತಿರವೂ ಸೇರಿಸುತ್ತಿರಲಿಲ್ಲ, ಮೈನಸ್ ಬರೆದುಕೊಡಬೇಕಿತ್ತು. ಗಂಡು-ಹೆಣ್ಣಿನ ಫೋಟೊ ಇರುವ ಕಾಗದದ ಸ್ಟಿಕ್ಕರ್ ಅಂಟಿಸಿದ್ದು ಇನ್ನೊಂದು ತಪ್ಪು. ನಮ್ಮ ಮಳೆಗಾಲದ ತಂಡಿಗೆ ಅದರ ಅಂಚು ಎದ್ದು ಡಿಸ್ಕ್ ಓಲಾಡುತ್ತದೆ. ಕಿತ್ತರಂತೂ ಮುಗಿಯಿತು. ಸೀಡಿಯಲ್ಲಿ ಮಾಹಿತಿ ಇರುವುದು ಹೆಸರು ಬರೆಯುವ ಬದಿಯ ತೆಳು ಪದರದ ಕೆಳಗೇ. ಸ್ಟಿಕ್ಕರ್ ಜೊತೆ ಮದುವೆಯೂ ಎದ್ದು ಬರುತ್ತದೆ. ಬಾಲ್‌ಪೆನ್ನಿನಲ್ಲಿ ಒತ್ತಿ ಪೇಶೆಂಟ್ ಹೆಸರು ಬರೆಯುವವರು ಇದನ್ನು ಸ್ವಲ್ಪ ಗಮನಿಸಲಿ.

ಡಿಸ್ಕ್ ಕೊಡುವವರಲ್ಲಿ ನನ್ನ ಕೋರಿಕೆ ಇಷ್ಟೇ. ಬರೆಯುವಾಗ ‘ಫೈನಲೈಸ್’ ಅಥವಾ ‘ಕ್ಲೋಸ್ ಡಿಸ್ಕ್’ ಎಂಬ ಕಡೆ ಟಿಕ್ ಹಾಕಿ. ಬರೆದ ಕಂಪ್ಯೂಟರ್‌ನಲ್ಲೇ ನೋಡಿ ಸುಮ್ನೆ ಕವರಿಗೆ ತುಂಬಬೇಡಿ, ಬೇರೊಂದರಲ್ಲಿ ಹಾಕಿ ನೋಡಿ. ಹಾಗೆಯೇ ಮನೆಯಲ್ಲಿ ‘ಖಾಲಿ’ ಅಂತ ಬಿದ್ದಿರುವ ಡಿಸ್ಕನ್ನು ಎಸೆಯುವ ಮೊದಲು ಅದನ್ನು ಬರೆದ ಜಾಗಕ್ಕೇ ಒಮ್ಮೆ ಒಯ್ಯಿರಿ. ಒರೆಸುವುದಾದರೆ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ದೋಸೆ ಹುಯ್ದ ಹಾಗೆ ಸುತ್ತಬೇಡಿ.

ಸೋಮವಾರ ಮತ್ತೆ ಮಂಗಳೂರಿಗೆ ಹೊರಟಿದ್ದೇವೆ. ಸರಿಮಾಡಿದ ಸೀಡಿ ಇದೆ, ಪೆನ್‌ಡ್ರೈವಿಗೂ ಹಾಕಿಕೊಂಡಿದ್ದೇನೆ. ಅಣ್ಣನಿಗೆ ಮಾತ್ರ ನನ್ನ ಮೇಲೆ ಪೂರ್ತಿ ನಂಬಿಕೆ ಬಂದಿಲ್ಲ. ನಿನ್ನೆ ಸಂಜೆ ಸೀಡಿ ತೆಗೆದುಕೊಂಡು ಹೋಗಿ ಪಕ್ಕದ ಮನೆಯ ಕಂಪ್ಯೂಟರ್‌ನಲ್ಲೂ ಹಾಕಿಸಿ ನೋಡಿಕೊಂಡು ಬಂದ.

– ಸ್ಟುಡಿಯೋದವ, ಸಾಗರ