ಬೆಳಕಪ್ಪನಿಗೊಂದು ಪತ್ರ

ಪ್ರೀತಿಯ ಬೆಳಕಪ್ಪ,

ಹೇಗಿದ್ದೀಯ ಅಂತ ಕೇಳುವುದಿಲ್ಲ. ಮೊನ್ನೆ ಗುಂಪಿನಲ್ಲಿ ನೀನು ಹಾಕಿದ ಒಂದೇ ಸಾಲು ಓದಿದ ಮೇಲೆ ನೀನು ಚೆನ್ನಾಗೇ ಇದ್ದೀಯ, ನಾನೇ ಸರಿಯಿಲ್ಲ ಅಂತ ಗೊತ್ತಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಮ್ಮ ಹಳೇ ಸಿನಿಮಾದ ಫಿಲ್ಮು ಡಬ್ಬಿಯ ಕತೆ. ಮನೆಗೆ ಸುಣ್ಣ ಹೊಡೆಸಬೇಕು ಅಂತ ಅಟ್ಟ ಖಾಲಿ ಮಾಡುವಾಗ ನಮ್ಮ ಸೋಡಾ ತಾತ ಸಿಕ್ಕರು. ಮುಚ್ಚಳ ತೆಗೆದೆ, ಗಪ್ಪನೆ ಹುಳಿ ವಾಸನೆ. ಅಮ್ಮ ಅಡುಗೆಮನೆಯಿಂದಲೇ "ಯಾವ ಉಪ್ಪಿನಕಾಯಿ ಕೆಟ್ಟಿತೋ?" ಅಂದಳು. ಅಸಿಟೇಟ್ ಫಿಲ್ಮು ಹಾಳಾಗಲು ಶುರುವಾದರೆ ವಿನೆಗರ್ ವಾಸನೆ ಹೊಡೆಯುತ್ತದೆ ಅಂತ ಮೇಷ್ಟ್ರು ಹೇಳಿದ್ದರಲ್ಲ, ಆ ಕ್ಲಾಸಿನಲ್ಲಿ ನೀನೂ ನಾನೂ ನಿದ್ದೆ. ಪೂರ್ತಿ ಉಪ್ಪಿನಕಾಯಿ ಆಗುವ ಮೊದಲು ಸ್ಕ್ಯಾನ್ ಮಾಡಿಸಿ ಗುಂಪಿಗೆ ಹಾಕಿದೆ.

ಇದನ್ನು ಓದುತ್ತಿರುವ ಬೇರೆಯವರಿಗೆ ಎರಡು ಮಾತು. 2003, ಶ್ರೀರಂಗಪಟ್ಟಣ. ಒಬ್ಬ ತಾತ ತನ್ನ ಸೋಡಾ ಅಂಗಡಿಯನ್ನು ಕೊನೆಯ ಸಲ ಮುಚ್ಚುತ್ತಾರೆ. ಕತೆ ಅಷ್ಟೇ. ಕಪ್ಪುಬಿಳುಪು, 16 ಎಂಎಂ, ನಾಲ್ಕು ನಿಮಿಷದ ಚಿತ್ರ. ನಮ್ಮ ಕೈಲಿದ್ದದ್ದು 400 ಅಡಿ ಫಿಲ್ಮು, ಅಂದರೆ 11 ನಿಮಿಷ. ಈಗ ನನ್ನ ಅಕ್ಕನ ಮಗ ಒಂದು ಮಸಾಲೆ ದೋಸೆಯನ್ನೇ ಅದಕ್ಕಿಂತ ಜಾಸ್ತಿ ಹೊತ್ತು ಶೂಟ್ ಮಾಡುತ್ತಾನೆ.

ನಮ್ಮ ಬೋಲೆಕ್ಸ್ ಕ್ಯಾಮೆರಾದ ಹೊಟ್ಟೆಗೆ 100 ಅಡಿಯ ಸ್ಪೂಲ್ ಮಾತ್ರ ಹಿಡಿಸುತ್ತಿತ್ತು. ಹಾಗಾಗಿ ಹಿಂದಿನ ರಾತ್ರಿ ನೀನು ಹಾಸ್ಟೆಲ್ ಬಚ್ಚಲಿನಲ್ಲಿ, ಕಿಟಕಿಗೆ ಕಂಬಳಿ ಬಡಿದು, ಬಾಗಿಲ ಸಂದಿಗೆ ಪಂಚೆ ತುರುಕಿ, ಕಗ್ಗತ್ತಲಲ್ಲಿ ಕೂತು ನಾಲ್ಕು ಸ್ಪೂಲಿಗೆ ಸುತ್ತಿದೆ. ಬೆಳಕು ತಾಗಿದರೆ ಫಿಲ್ಮು ಹಾಳು. ನಾನು ಹೊರಗೆ ಕಾವಲು. ನಡುವೆ ಆ ಸೀನಿಯರ್ ಬಕೆಟ್ ಹಿಡಿದು ಬಂದದ್ದು, ನೀನು ಒಳಗಿಂದ ಕೆಮ್ಮಿದ್ದು... ಬೇಡ ಬಿಡು, ಅವರೂ ಇದನ್ನು ಓದುತ್ತಾರೆ.

ಮಾರನೇ ದಿನ ಬಸ್ಸಿನಲ್ಲಿ ನಿನ್ನ ಬಾಯಲ್ಲಿ ವಿ.ಕೆ. ಮೂರ್ತಿ ಬಿಟ್ಟು ಬೇರೆ ಮಾತಿಲ್ಲ. ನಮ್ಮ ಮೈಸೂರಿನವರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತವರು. 1959ರ 'ಕಾಗಜ್ ಕೆ ಫೂಲ್'ನಲ್ಲಿ ಕನ್ನಡಿ ಇಟ್ಟು ಬಿಸಿಲನ್ನೇ ಸ್ಟುಡಿಯೋ ಒಳಗೆ ತಂದವರು. ಮೂರು ಸಲ ಹೇಳಿದೆ. ಹೇಳಿ ಸುಮ್ಮನಾಗುವ ಜಾತಿಯೇ ನಿನ್ನದು? ಎದುರಿನ ಕ್ಷೌರದಂಗಡಿಯವರ ಕೈಕಾಲು ಹಿಡಿದು ಕನ್ನಡಿ ಕಳಚಿಸಿಕೊಂಡು ಬಂದೆ. ಬಿಸಿಲು ಬೀದಿ ದಾಟಿ ಅಂಗಡಿ ಒಳಗೆ ಬಿತ್ತು. ಸೋಡಾ ಬಾಟಲಿಗಳ ಕುತ್ತಿಗೆಯಲ್ಲಿ ಗೋಲಿಗಳು ಒಟ್ಟಿಗೇ ಹೊಳೆದವು. ಆ ಶಾಟ್ ಈಗಲೂ ಚೆನ್ನಾಗಿದೆ ಕಣೋ. ನಿಜವಾಗಿ ಚೆನ್ನಾಗಿದೆ.

ಕೊನೆಯ ಶಾಟು ಹಲಗೆ ಬಾಗಿಲಿನದು. ಒಂಬತ್ತು ಹಲಗೆ, ಒಂದೊಂದರ ಮೇಲೂ ಬಣ್ಣದಲ್ಲಿ ಬರೆದ ಅಂಕಿ. ಸಾಲು ತಪ್ಪಿದರೆ ಕೂರುವುದಿಲ್ಲ. ಬೋಲೆಕ್ಸ್ ಪೂರ್ತಿ ಚಾವಿ ಕೊಟ್ಟರೂ ಓಡುವುದು 28 ಸೆಕೆಂಡು. ಒಂಬತ್ತು ಹಲಗೆಗೆ ಎಲ್ಲಿ ಸಾಲುತ್ತೆ? ಆರನೆಯದರಿಂದ ಶುರು ಮಾಡಿದೆವು. ಮನೆ ಹಿಂದೆಯೇ ಇದ್ದದ್ದರಿಂದ ತಾತ ಒಳಗಡೆಯಿಂದಲೇ ಹಲಗೆ ಹಾಕುತ್ತಿದ್ದರು. ಆರು, ಏಳು, ಎಂಟು ಕೂರಿಸಿದರು. ಒಂಬತ್ತನೆಯದನ್ನು ಕೈಯಲ್ಲಿ ಹಿಡಿದು, ಉಳಿದ ಸಂದಿನಿಂದ ಬೀದಿಯನ್ನು ಒಮ್ಮೆ ನೋಡಿದರು. ಹಾಗೆ ನೋಡಿ ಅಂತ ನಾವು ಹೇಳಿರಲಿಲ್ಲ. ಆಮೇಲೆ ಹಲಗೆ ಕೂತಿತು. ಚಾವಿಯೂ ಮುಗಿಯಿತು.

ಚೆನ್ನೈಯಲ್ಲಿ ಡೆವಲಪ್ ಆಗಿ ಬಂದ ಮೇಲೆ ಎಲ್ಲರೂ ಕೂತು ನೋಡಿದೆವಲ್ಲ. ಏಳನೇ ಹಲಗೆಯ ಹೊತ್ತಿಗೆ ಎರಡೂ ಅಂಚಿನಿಂದ ಬಿಳುಪು ನುಗ್ಗಿತು. ಎಂಟಕ್ಕೆ ಪರದೆಯೆಲ್ಲ ಬಿಳಿ. ತಾತನ ಮುಖವೇ ಇಲ್ಲ.

"ಸ್ಪೂಲಿಗೆ ಸುತ್ತಿದ್ದು ಯಾರು?" ಅಂದರು ಮೇಷ್ಟ್ರು. ನೀನು ಕೈ ಎತ್ತಿದೆ. "ಕಂಬಳಿ ಜಾರಿರಬೇಕು ಸಾರ್." ಆವತ್ತು ರಾತ್ರಿ ಮೆಸ್ಸಿನಲ್ಲಿ ನಿನಗೆ ಬೆಳಕಪ್ಪ ಅಂತ ಹೆಸರು ಬಿತ್ತು.

ಇಟ್ಟವನು ನಾನು.

ಇಷ್ಟಕ್ಕೇ ನಿಲ್ಲಿಸಬೇಕು ಅಂತಿದ್ದೆ. ಹಳೇ ನೆನಪು, ಎರಡು ನಗು, ನಿನ್ನ ಕನ್ನಡಿಗೊಂದು ಶಹಬ್ಬಾಸ್. ಆಗುತ್ತಿಲ್ಲ.

ಕಂಬಳಿ ಜಾರಿರಲಿಲ್ಲ ಕಣೋ. ತಾತ ಕೊನೆಯ ಹಲಗೆ ಹಾಕುವಾಗ ಕ್ಯಾಮೆರಾ ಒಳಗೆ ಕಟಕಟ ಅಂದಂತಾಯಿತು. ಲೂಪ್ ಬಿಟ್ಟಿತು, ಫಿಲ್ಮು ಹರಿಯಿತು ಅಂತ ನನ್ನ ಜೀವವೇ ಹೋಯಿತು. ನೀನು ಕನ್ನಡಿ ವಾಪಸ್ ಕೊಡಲು ಹೋಗಿದ್ದೆ. ನಾನು ಬಿಸಿಲಿಗೆ ಬೆನ್ನು ಹಾಕಿ, ಅಂಗಿಯ ಮರೆಯಲ್ಲಿ ಕ್ಯಾಮೆರಾದ ಬಾಗಿಲು ತೆಗೆದು ನೋಡಿದೆ. ಎರಡೇ ಸೆಕೆಂಡು. ಒಳಗೆ ಎಲ್ಲ ನೆಟ್ಟಗಿತ್ತು. ಮುಚ್ಚಿದೆ. ಬೆಳಕು ತಾಗಿದ್ದು ಸ್ಪೂಲಿನ ಹೊರಸುತ್ತುಗಳಿಗೆ ಮಾತ್ರ. ಒಂದು ಸುತ್ತು ಅಂದರೆ ಹೆಚ್ಚುಕಡಿಮೆ ಒಂದು ಅಡಿ, 40 ಫ್ರೇಮು, ಎರಡು ಸೆಕೆಂಡಿಗೂ ಕಡಿಮೆ. ತಾತನ ಮುಖ ನುಂಗಲು ಐದಾರು ಸುತ್ತು ಸಾಕಾಯಿತು.

ಪರದೆ ಬಿಳಿಯಾದ ಕ್ಷಣವೇ ನನಗೆ ಗೊತ್ತಾಗಿತ್ತು. ನೀನು ಕೈ ಎತ್ತಿದಾಗ ನಾನು ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳುತ್ತಿದ್ದೆ.

ಆಮೇಲೆ ನೀನು ಕ್ಯಾಮೆರಾ ಬಿಟ್ಟು ಸೌಂಡಿಗೆ ಹೋದೆ. ಯಾಕೆ ಅಂದವರಿಗೆಲ್ಲ "ಕಿವಿ ಒಳಗೆ ಬೆಳಕು ಸೋರಲ್ಲ" ಅಂತಿದ್ದೆ. ಎಲ್ಲರೂ ನಗುತ್ತಿದ್ದರು. ನಾನು ಸ್ವಲ್ಪ ಜಾಸ್ತಿಯೇ ನಗುತ್ತಿದ್ದೆ. 2012ರಲ್ಲಿ ಫಿಲ್ಮು ಮಾಡುವ ಕೊಡಕ್ ಕಂಪನಿ ದಿವಾಳಿ ಅರ್ಜಿ ಹಾಕಿದಾಗ ಫೋನ್ ಮಾಡಿ "ನಾವಿನ್ನೆರಡು ರೋಲ್ ತಗೊಂಡಿದ್ರೆ ಬದುಕ್ಕೊಳ್ತಿತ್ತು" ಅಂದೆಯಲ್ಲ, ಆವತ್ತು ಹೇಳಿಬಿಡೋಣ ಅಂತ ಬಾಯಿ ತೆರೆದೆ. ಪೆಟ್ರೋಲ್ ರೇಟಿನ ಬಗ್ಗೆ ಮಾತಾಡಿದೆ.

ಈಗ ಮೊನ್ನೆಯದು. ಒಬ್ಬ "ಬೆಳಕಪ್ಪನ ಬಚ್ಚಲುಮನೆ ಎಫೆಕ್ಟ್" ಅಂತ ಹಾಕಿದ. ಅದರ ಕೆಳಗೆ ನೀನು, "ಹಳೇ ಕ್ಯಾಮೆರಾ, ಹಾಗೇ ಮಾಡುತ್ತೆ."

ಉಳಿದವರು ನಕ್ಕು ಮುಂದೆ ಹೋದರು. ನನಗೆ ಕಾಫಿ ಗಂಟಲಲ್ಲೇ ನಿಂತಿತು. ಅದು ನಿನ್ನ ಮಾತಲ್ಲ. ನನ್ನದು. ಕನ್ನಡಿ ಕೊಟ್ಟು ಬಂದು, ಎಷ್ಟು ಅಡಿ ಉಳಿದಿದೆ ಅಂತ ನೀನು ಮೀಟರ್ ನೋಡಿದೆ. "ಇದ್ಯಾಕೋ ಸೊನ್ನೆಗೆ ಬಂದಿದೆ?" ಅಂದೆ. "ಹಳೇ ಕ್ಯಾಮೆರಾ, ಹಾಗೇ ಮಾಡುತ್ತೆ" ಅಂದವನು ನಾನು. ಬೋಲೆಕ್ಸ್ ಮೀಟರ್ ತಾನಾಗಿ ಸೊನ್ನೆಗೆ ಹೋಗುವುದು ಬಾಗಿಲು ತೆಗೆದಾಗ. ಅದಕ್ಕೆ ಫಿಲ್ಮು ಹಾಕುತ್ತಿದ್ದವನೇ ನೀನು. ನಿನಗೆ ಗೊತ್ತಿರಲಿಲ್ವಾ?

ಅಂದರೆ ಕೈ ಎತ್ತುವಾಗಲೂ ಗೊತ್ತಿತ್ತು ಅಲ್ವಾ?

ಯಾಕೆ ಎತ್ತಿದೆ ಅಂತ ಕೇಳಲು ನನಗೆ ಧೈರ್ಯ ಇಲ್ಲ. ಇಷ್ಟು ವರ್ಷ ನಾನು ನಿನ್ನ ಮುಂದೆ ನಾಟಕ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ನೀನು ಟಿಕೆಟ್ ತಗೊಂಡು ಮುಂದಿನ ಸಾಲಿನಲ್ಲೇ ಕೂತಿದ್ದೆ.

ಫೋನಿನಲ್ಲಿ ಹೇಳಬಹುದಿತ್ತು, ಊರಿಗೆಲ್ಲ ಯಾಕೆ ಡಂಗುರ ಅಂತೀಯ. ಹೆಸರಿಟ್ಟದ್ದು ಎಲ್ಲರ ಮುಂದೆ, ಅದಕ್ಕೆ. ಇನ್ನೊಂದು ಕಾರಣವೂ ಇದೆ. "ಎಂಥಾ ಪ್ರಾಮಾಣಿಕ ಮನುಷ್ಯ" ಅಂತ ನಾಲ್ಕು ಜನ ಅನ್ನಲಿ ಅನ್ನುವ ಚಪಲ. ಡೈರೆಕ್ಟರ್ ಬುದ್ಧಿ, ಸಾಯುವ ತನಕ ಹೋಗಲ್ಲ.

ಅಂದಹಾಗೆ ನನ್ನ ಅಕ್ಕನ ಮಗ ಆ ಬಿಳುಪನ್ನು ನಾಲ್ಕು ಸಲ ನೋಡಿದ. "ಮಾಮಾ, ಸಖತ್ತಾಗಿದೆ, ಯಾವ ಫಿಲ್ಟರ್?" ಅಂದ. ಶ್ರೀರಂಗಪಟ್ಟಣದ ಬಿಸಿಲು ಅಂದೆ. ಆಪ್‌ನಲ್ಲಿ ಹುಡುಕುತ್ತಿದ್ದಾನೆ.

ಭಾನುವಾರ ಬರುತ್ತೇನೆ. ಬೈಯುವುದಿದ್ದರೆ ಊಟ ಆದ ಮೇಲೆ ಬೈ, ನಿಮ್ಮ ಮನೆಯ ಬಸ್ಸಾರು ಬಿಟ್ಟು ಬರುವಷ್ಟು ಸ್ವಾಭಿಮಾನ ನನಗಿಲ್ಲ. ಸೋಡಾ ನನ್ನ ಲೆಕ್ಕ. ಆದರೆ ಎರಡೇ. ಮೂರನೇ ಸೋಡಾ ವಿಷಯ ನಿನ್ನ ಹೆಂಡತಿಗೆ ಇನ್ನೂ ಗೊತ್ತಿಲ್ಲ ಅಂದುಕೊಂಡಿದ್ದೇನೆ.

ಇಂತಿ,
ಬಾಗಿಲಪ್ಪ