ಗೆದ್ದರಾ ಎಂದು ಕೇಳಿ ಒಳಗೆ ಬರುವ ಮಗು

ಮೈಸೂರು
17 ಮೇ 2017

ಚಿರಂಜೀವಿ ಪುಟ್ಟುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರ ಕೈಸೇರಿತು. ಮನೆ ಪಾಲಿನ ವಿಷಯ ನಿನ್ನ ಅಪ್ಪನೂ ನಾನೂ ಫೋನಿನಲ್ಲಿ ಮಾತಾಡಿಕೊಂಡಿದ್ದೇವೆ, ಅದನ್ನು ಇಲ್ಲಿ ಎತ್ತುವುದಿಲ್ಲ. ದೊಡ್ಡಮ್ಮನ ಮಂಡಿನೋವು ಇದ್ದ ಹಾಗೇ ಇದೆ. ನಾಲ್ಕು ಪುಟದಲ್ಲಿ ಮೂರೂವರೆ ಪುಟ ನಿನ್ನ ಆರ್‌ಸಿಬಿಯ ಗೋಳು. ಕಾಗದ ನನಗೆ ತಲುಪುವ ಹೊತ್ತಿಗೆ ನಿಮ್ಮವರು ದೆಹಲಿಯಲ್ಲಿ ಕೊನೆಯ ಪಂದ್ಯವನ್ನು ಹತ್ತು ರನ್ನಿನಿಂದ ಗೆದ್ದೂ ಆಗಿತ್ತು. ಹಾಗಾಗಿ ನಗುತ್ತಲೇ ಓದುತ್ತಿದ್ದೆ. ಕೊನೆಯಲ್ಲಿ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಎರಡು ಸಾಲು ಬರೆದಿದ್ದೀಯಲ್ಲ, ಅಲ್ಲಿಗೆ ನಗು ನಿಂತಿತು.

ಮ್ಯಾಚ್ ಇರುವ ರಾತ್ರಿ ಮಗು ಮೊದಲು ಅಡುಗೆಮನೆಗೆ ಹೋಗಿ, ‘ಅಪ್ಪನವರು ಗೆದ್ದರಾ?’ ಎಂದು ಅಮ್ಮನನ್ನು ಕೇಳಿಕೊಂಡೇ ಹಾಲ್‌ಗೆ ಬರುತ್ತಾಳೆ, ನನ್ನನ್ನು ಕಂಡರೆ ಹೆದರುತ್ತಾಳೋ ಏನೋ ಎಂದು ಬರೆದಿದ್ದೀಯ. ಅದರ ಬೆನ್ನಲ್ಲೇ ‘ಇರಲಿ, ಮಕ್ಕಳಲ್ಲವೇ’ ಎಂದು ಮುಚ್ಚಿಯೂ ಹಾಕಿದ್ದೀಯ. ಎರಡು ರಾತ್ರಿಯಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ.

ನಿನ್ನ ದುಃಖವನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ಏಪ್ರಿಲ್ 23ರಂದು 131ನ್ನು ಬೆನ್ನಟ್ಟಿ, ಹತ್ತು ಓವರೂ ತುಂಬದೆ 49ಕ್ಕೆ ಆಲೌಟ್ ಎಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಹನ್ನೊಂದು ಜನರಲ್ಲಿ ಒಬ್ಬನೂ ಎರಡಂಕಿ ಮುಟ್ಟಲಿಲ್ಲ. ನಾಲ್ಕು ವರ್ಷದ ಹಿಂದೆ ಇದೇ ಏಪ್ರಿಲ್ 23ರಂದು ಚಿನ್ನಸ್ವಾಮಿಯಲ್ಲಿ ಗೇಲ್ 175 ಹೊಡೆದು ತಂಡ 263 ಗಳಿಸಿತ್ತು ಎಂಬುದನ್ನು ನೀನು ಎರಡು ಸಲ ಬರೆದಿದ್ದೀಯ, ಎರಡನೆಯ ಸಲ ಅಡಿಗೆರೆ ಎಳೆದು. ಹೋದ ವರ್ಷ ಕೊಹ್ಲಿ ಒಬ್ಬನೇ 973 ರನ್ ಹೊಡೆದರೂ ಫೈನಲ್ಲಿನಲ್ಲಿ ಎಂಟು ರನ್ನಿಗೆ ಕೈತಪ್ಪಿತು. ಆ ಗಾಯ ಮಾಯುವ ಮೊದಲೇ ಈ ಸಲ ಹದಿನಾಲ್ಕರಲ್ಲಿ ಮೂರು ಗೆಲುವು, ಪಟ್ಟಿಯಲ್ಲಿ ಕಟ್ಟಕಡೆಯ ಜಾಗ. ನಿನ್ನ ವಯಸ್ಸಿನಲ್ಲಿ ನಾನಾಗಿದ್ದರೆ ರಿಮೋಟ್ ಎಸೆಯುತ್ತಿದ್ದೆನೋ ಏನೋ. ನೀನು ಎಸೆದೆಯಾ? ಅದನ್ನು ಬರೆದಿಲ್ಲ. ಆರು ವರ್ಷದ ಮಗು ಸುಮ್ಮಸುಮ್ಮನೆ ಸ್ಕೋರ್ ವಿಚಾರಿಸುವುದಿಲ್ಲ, ಪುಟ್ಟು. ಮಳೆ ಬರುತ್ತಿದೆಯೇ ಎಂದು ಕಿಟಕಿಯಿಂದ ಕೈ ಚಾಚಿ ನೋಡುವ ಹಾಗೆ ಅದು ನಿನ್ನನ್ನು ನೋಡುತ್ತಿದೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ನಿನ್ನ ಅಣ್ಣನಿಗೆ ಆಗ ಏಳು ವರ್ಷ. 1982ರ ರಣಜಿ ಫೈನಲ್, ದೆಹಲಿಯ ಕೋಟ್ಲಾದಲ್ಲಿ. ನಮ್ಮ ಕರ್ನಾಟಕದವರು 705 ಹೊಡೆದಿದ್ದರು. 705! ಅಷ್ಟು ರನ್ ಹೊಡೆದ ಮೇಲೆ ಇನ್ನೇನು, ಟ್ರೋಫಿ ಬೆಂಗಳೂರಿಗೆ ಹೊರಟಾಯಿತು ಎಂದು ಕಚೇರಿಯಲ್ಲಿ ಎಲ್ಲರಿಗೂ ಕಾಫಿ ಕುಡಿಸಿದ್ದೆ. ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸಿನಲ್ಲಿ ಮುಂದಿದ್ದವರಿಗೇ ಟ್ರೋಫಿ. ದೆಹಲಿ 589ಕ್ಕೆ ಎಂಟು ವಿಕೆಟ್. ಮೊದಲ ಇನಿಂಗ್ಸಿನ ಮುನ್ನಡೆಗೆ ಅವರಿಗೆ ಇನ್ನೂ 117 ಬೇಕು, ನಮಗೆ ಎರಡೇ ಎರಡು ವಿಕೆಟ್. ನಾನು ರೇಡಿಯೊ ಮುಂದೆ ಮೊಣಕಾಲು ಅಪ್ಪಿಕೊಂಡು ಕೂತಿದ್ದೆ. ರಾಕೇಶ್ ಶುಕ್ಲಾ, ರಾಜೇಶ್ ಪೀಟರ್, ಆ ಎರಡು ಹೆಸರು ಈಗಲೂ ಬಾಯಿಗೆ ಬರುತ್ತವೆ. ಅವರು ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಆ ಹೊತ್ತಿಗೆ ಹುಡುಗ ಬುಗುರಿ ಹಿಡಿದು ಬಂದ. ಹೊಸ ಬುಗುರಿ, ಹಸಿರು ಬಣ್ಣದ್ದು. ರೆಡ್ ಆಕ್ಸೈಡ್ ನೆಲದ ಮೇಲೆ ಅದು ಗುಂಯ್ ಎಂದು ತಿರುಗುತ್ತಿತ್ತು. ‘ಅಪ್ಪ, ನೋಡು, ನೋಡು’ ಎನ್ನುತ್ತಿದ್ದ. ನಾನು ಹೊಡೆಯಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಬುಗುರಿಯನ್ನು ಕಾಲಿನಿಂದ ಒದ್ದೆ. ‘ನೀನು ಒಳಗೆ ಬಂದಾಗಿನಿಂದ ಒಂದು ವಿಕೆಟ್ ಬಿದ್ದಿಲ್ಲ, ಆಚೆ ಹೋಗು’ ಎಂದೆ.

ದೆಹಲಿ ಮುನ್ನಡೆ ಪಡೆಯಿತು, ಟ್ರೋಫಿಯನ್ನೂ ಪಡೆಯಿತು. ರೇಡಿಯೊ ಆರಿಸಿ ಎಷ್ಟು ಹೊತ್ತು ಹಾಗೇ ಕೂತಿದ್ದೆನೋ. ಊಟಕ್ಕೆ ಕರೆಯಲು ಹೋದ ದೊಡ್ಡಮ್ಮನಿಗೆ ಅವನು ಬಾಗಿಲ ಹಿಂದೆ, ಚಪ್ಪಲಿಗಳ ಪಕ್ಕ ಕೂತದ್ದು ಕಂಡಿತು. ನನ್ನ ಮುಖ ನೋಡಿ ಅವನು ಹೇಳಿದ್ದು ಇಷ್ಟೇ: ‘ನಾನು ಆಚೆಯೇ ಇದ್ದೆ ಅಪ್ಪ, ಒಳಗೆ ಬರಲೇ ಇಲ್ಲ.’

ಆ ಮಾತಿಗೆ ನಾನೇನು ಉತ್ತರ ಕೊಟ್ಟೆ ಎಂಬುದು ನೆನಪಿಗೇ ಬರುವುದಿಲ್ಲ. ಏನೂ ಕೊಟ್ಟಿರಲಿಕ್ಕಿಲ್ಲ. ಶುಕ್ಲಾ, ಪೀಟರ್ ಮಾತ್ರ ಅಚ್ಚೊತ್ತಿ ಉಳಿದಿದ್ದಾರೆ.

ಇದು ಅಲ್ಲಿಗೇ ಮುಗಿಯಿತು ಎಂದುಕೊಂಡಿದ್ದೆ. 2010ರ ಜನವರಿಯಲ್ಲಿ ನಮ್ಮ ಗಂಗೋತ್ರಿ ಮೈದಾನದಲ್ಲೇ ಫೈನಲ್ ನಡೆಯಿತಲ್ಲ, ಮುಂಬಯಿ ಮೇಲೆ. 338ರ ಗುರಿ, ಮನೀಶ್ ಪಾಂಡೆ 144 ಹೊಡೆದು ಗೆಲುವನ್ನು ಅಂಗಳದವರೆಗೆ ತಂದು ನಿಲ್ಲಿಸಿದ್ದ, ಕೊನೆಗೆ ಆರು ರನ್ನಿಗೆ ಸೋತೆವು. ನಾನು ಬಿಸಿಲಲ್ಲಿ ಕೂತು ನೋಡಿದ್ದೆ. ಸಂಜೆ ಬಂದವನು ಮುಸುಕು ಹಾಕಿ ಮಲಗಿದೆ. ನಿನ್ನ ಅಣ್ಣ ಮಾರನೆಯ ದಿನ ಫೋನ್ ಮಾಡಿದ, ಪಾಂಡೆಯ ಆಟದ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದ. ಎಷ್ಟೋ ತಿಂಗಳ ಮೇಲೆ ದೊಡ್ಡಮ್ಮ ಬಾಯಿ ತಪ್ಪಿ ಹೇಳಿದಳು. ಅವನು ಹಿಂದಿನ ರಾತ್ರಿಯೇ ಅವಳಿಗೆ ಫೋನ್ ಮಾಡಿ, ‘ಅಪ್ಪ ಹೇಗಿದ್ದಾರೆ, ಈಗ ಮಾತಾಡಬಹುದಾ?’ ಎಂದು ಕೇಳಿದ್ದನಂತೆ. ಇವಳು ‘ನಾಳೆ ಮಾಡು’ ಎಂದಿದ್ದಳಂತೆ. ಅವನಿಗೆ ಆಗ ಮೂವತ್ತೈದು ವರ್ಷ. ತಾನೇ ಒಂದು ಮಗುವಿನ ತಂದೆ.

ಆಮೇಲೆ ಗಮನಿಸತೊಡಗಿದೆ. 2014ರಲ್ಲಿ ರಣಜಿ ಗೆದ್ದೆವು, ಅವನ ಫೋನ್ ಹತ್ತು ನಿಮಿಷದಲ್ಲಿ ಬಂತು. ಮರುವರ್ಷ ವಾಂಖೆಡೆಯಲ್ಲಿ ಕರುಣ್ ನಾಯರ್ 328 ಹೊಡೆದು ಮತ್ತೆ ಗೆದ್ದಾಗಲೂ ಅಷ್ಟೇ. ಸೋತ ದಿನ ಮಾತ್ರ ದೊಡ್ಡಮ್ಮನ ಫೋನು ಮೊದಲು ಗುನುಗುತ್ತದೆ, ಅವಳು ಎದ್ದು ಹಿತ್ತಿಲಿಗೆ ಹೋಗುತ್ತಾಳೆ. ನಾನು ಪೇಪರ್ ಓದುವವನಂತೆ ಕೂತಿರುತ್ತೇನೆ.

ನಿನ್ನ ಮಗುವಿನ ಅಡುಗೆಮನೆಯ ಪ್ರಶ್ನೆ ಓದಿ ನನಗೆ ಈ ಹಿತ್ತಿಲೇ ಕಣ್ಣಿಗೆ ಕಟ್ಟಿತು.

ಬುದ್ಧಿ ಹೇಳಲು ನನಗೇನು ಯೋಗ್ಯತೆ ಇದೆಯೋ ತಿಳಿಯದು. ಮ್ಯಾಚ್ ನೋಡಬೇಡ ಎಂದರೆ ನೀನು ಕೇಳುವುದಿಲ್ಲ, ನಾನೂ ಕೇಳಿದವನಲ್ಲ. ರಾತ್ರಿ ಎಂಟಕ್ಕೆ ಶುರು ಮಾಡುತ್ತಾರೆ, ಅದು ಮಗು ಊಟ ಮಾಡಿ ಕತೆ ಕೇಳುವ ಹೊತ್ತು, ಅದೇ ಮೊದಲ ತೊಂದರೆ. ಮೊದಲ ಆರು ಓವರ್ ಬಿಟ್ಟರೆ ಏನಾಗುತ್ತದೆ? ನಿನಗೆ ಆಗುತ್ತದೋ ಇಲ್ಲವೋ. ಸೋತ ರಾತ್ರಿ ನೀನೇ ಮೊದಲು ಎದ್ದು ಅವಳ ಹತ್ತಿರ ಹೋಗಿ, ‘ಸೋತೆವು ಕಣೇ’ ಎಂದು ಹೇಳಿಬಿಡು. ಅವಳು ಅಮ್ಮನನ್ನು ಕೇಳುವ ಮೊದಲೇ. ಇದು ನನಗೆ ಈಗ ಹೊಳೆದದ್ದು, ಮಾಡಿ ನೋಡಿದ್ದಲ್ಲ. ಸೊಸೆಯನ್ನೂ ಒಮ್ಮೆ ಕೇಳು, ಆ ಪ್ರಶ್ನೆಗೆ ಅವಳು ದಿನವೂ ಏನು ಉತ್ತರ ಕೊಡುತ್ತಾಳೆ ಎಂದು. ಸೋತ ದಿನವೂ ‘ಗೆದ್ದರು, ಹೋಗು’ ಎನ್ನುತ್ತಾಳೋ ಏನೋ. ದೊಡ್ಡಮ್ಮ ಹಾಗೆ ಎಷ್ಟು ಸುಳ್ಳು ಹೇಳಿದ್ದಾಳೋ ನಾನು ಇದುವರೆಗೆ ಕೇಳಿಲ್ಲ.

ಈ ಕಾಗದ ಶನಿವಾರದೊಳಗೆ ಸಿಕ್ಕರೆ ಒಂದು ಮಾತು. ನಿನ್ನೆ ಪುಣೆಯವರು ಮುಂಬಯಿಯನ್ನು ಸೋಲಿಸಿ ಫೈನಲ್ ಸೇರಿದರು. ಭಾನುವಾರ ಹೈದರಾಬಾದಿನಲ್ಲಿ ಅವರೆದುರು ಯಾರೇ ಆಡಲಿ, ನಿಮ್ಮವರಂತೂ ಇಲ್ಲ. ಯಾರು ಗೆದ್ದರೂ ನಿನ್ನ ಗಂಟೇನೂ ಹೋಗುವುದಿಲ್ಲ. ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ನೋಡು, ಅವಳು ಯಾರ ಕಡೆಯೋ ನೀನೂ ಅವರ ಕಡೆ. ಆಟದ ಸಾಮಾನು ತಂದು ಟಿವಿಗೆ ಅಡ್ಡ ಹರಡಿದರೆ ಹರಡಲಿ. ಅಲ್ಲೇ ತೂಕಡಿಸಿದರೆ ಎತ್ತಿಕೊಂಡು ಹೋಗಿ ಮಲಗಿಸಿ ಬಾ. ಅಷ್ಟರಲ್ಲಿ ಒಂದು ವಿಕೆಟ್ ಬಿದ್ದರೂ ಬೀಳಲಿ.

ಇಂತಿ,
ನಿನ್ನ ದೊಡ್ಡಪ್ಪ

ಬುಗುರಿಯ ವಿಷಯವನ್ನು ನಿನ್ನ ಅಣ್ಣನ ಹತ್ತಿರ ಎತ್ತಬೇಡ. ನಾನೇ ಮಾತಾಡಬೇಕು ಎಂದುಕೊಂಡಿದ್ದೇನೆ, ಮೂವತ್ತೈದು ವರ್ಷದಿಂದ.